ಅಟ್ಟಣೆ ಬಿಚ್ಚಿದ ಮಧ್ಯಾಹ್ನ

ಹೊಸ ಕಂಬಳಿಯ ವಾಸನೆ ಬಡಿದರೆ ನಾನು ಇವತ್ತಿಗೂ ಅಂಗಡಿಯಿಂದ ಹೊರಗೆ ಬಂದು ನಿಲ್ಲುತ್ತೇನೆ.

ನಾನಾಗ ಐದನೇ ಕ್ಲಾಸಿನಲ್ಲಿದ್ದೆ. ತಿಗನಾರೆಯ ನಮ್ಮ ರಾಗಿ ಹೊಲದಲ್ಲಿ ಬಿದಿರಿನ ಅಟ್ಟಣೆಯೊಂದಿತ್ತು. ಆನೆ, ಹಂದಿ ನುಗ್ಗದಂತೆ ತಾತ ರಾತ್ರಿಯೆಲ್ಲ ಅದರ ಮೇಲೆ ಕೂತು ಕಾಯುತ್ತಿದ್ದ. ಅಕ್ಕಪಕ್ಕದವರ ಸರದಿಯನ್ನೂ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದ. ಅಂಥ ಮನುಷ್ಯ ಇನ್ನೊಬ್ಬನಿಲ್ಲ ಎಂದು ಊರೇ ಹೊಗಳುತ್ತಿತ್ತು.

ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಒಂದು ದಿನ ಬುತ್ತಿ ಕೊಡಲು ಹೋದಾಗ ತಾತ ಅಂಗಾಲು ತೋರಿಸಿ ಹೇಳಿದ್ದ: "ನರ ಉರೀತವೆ ಕಣವ್ವ. ಮನೇಲಿ ದುಪ್ಪಟಿ ತಾಕುದ್ರೂ ಬೆಂಕಿ ಇಟ್ಟಂಗಾಯ್ತದೆ. ಇಲ್ಲಿ ಕಾಲ ಗಾಳಿಗೆ ಇಳೇಬುಟ್ರೆ ಬೆಳಗಿನ ಜಾವಕ್ಕೆ ಒಸಿ ನಿದ್ದೆ ಅತ್ತುತದೆ. ಯಾರ್ಗೂ ಯೋಳ್ಬೇಡ, ಗೊತ್ತಾದ್ರೆ ಮನೇಲೇ ಮನಗುಸ್ತಾರೆ." ನಾನು ಅವನ ಕೈ ಮುಟ್ಟಿ ಮಾತು ಕೊಟ್ಟಿದ್ದೆ.

ಆ ವರ್ಷ ಹೊಲಕ್ಕೆ ಸೋಲಾರ್ ಬೇಲಿ ಬಂತು. ಮಧ್ಯಾಹ್ನದ ಬಿಸಿಲಲ್ಲಿ ಚಿಕ್ಕಪ್ಪ ಅಟ್ಟಣೆಯ ಹಗ್ಗ ಬಿಚ್ಚಿ ಬಿದಿರು ಗಳಗಳನ್ನು ಒಂದೊಂದಾಗಿ ಕೆಳಗೆ ಹಾಕಿದ. ತಾತ ಕಾಲು ಇಳಿಬಿಟ್ಟು ಕೂರುತ್ತಿದ್ದ ಗಳ ಸವೆದು ನುಣುಪಾಗಿತ್ತು.

"ಇನ್ನೊಸಿ ದಿನ ಇರ್ಲಿ ಬುಡ್ಲಾ," ಎಂದ ತಾತ.

"ಯಾಕಪ್ಪ? ಇಷ್ಟು ವರ್ಷ ನೀ ನಿದ್ದೆಗೆಟ್ಟಿದ್ದು ಸಾಕು," ಎನ್ನುತ್ತ ಚಿಕ್ಕಪ್ಪ, ತಾಳವಾಡಿ ಸಂತೆಯಿಂದ ತಂದಿದ್ದ ಹೊಸ ಕಂಬಳಿಯನ್ನು ಅವನ ಮಡಿಲಿಗಿಟ್ಟ. "ಇವತ್ತಿಂದ ಮನೇಲಿ ಬೆಚ್ಚಗೆ ಮನಿಕ್ಕೊ."

ತಾತ ಕಂಬಳಿಯನ್ನು ಸವರಿದ. "ಚೆನ್ನಾಗದೆ ಕಣಪ್ಪ," ಅಂದ. ಆಮೇಲೆ ನನ್ನ ಕಡೆ ನೋಡಿದ.

ಮಾತು ಕೊಟ್ಟಿದ್ದೆನಲ್ಲ, ಸುಮ್ಮನಿದ್ದೆ.