ಮೂರು ಕೆಮ್ಮು

ಸೇವಾಶ್ರಮದ ಜನರೇಟರನ್ನು ಲಾರಿಗೆ ಹತ್ತಿಸಲು ಹನ್ನೊಂದು ಆಳು ಬೇಕಾದರು. ಹನ್ನೆರಡನೆಯವನು ಆವಲಪ್ಪ. ಅವನು ಹತ್ತಿಸಲಿಲ್ಲ, ಹಿಡಿದು ಇಳಿಸಲು ನೋಡಿದ. ಹತ್ತೊಂಬತ್ತು ವರ್ಷ ಅದಕ್ಕೆ ಡೀಸೆಲ್ ಕುಡಿಸಿ, ಮೈ ಒರೆಸಿ ಸಾಕಿದವನು ಅವನೇ. ಸುಮ್ಮನೆ ಹೇಳುತ್ತಿಲ್ಲ, ಆ ಜನರೇಟರ್ ಬಾಯಿ ತೆರೆದರೆ ಹದಿನಾರು ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರದಲ್ಲಿ ಮಗ್ಗಗಳು ತಾಳ ತಪ್ಪುತ್ತಿದ್ದವು. ದಾಬಸ್‌ಪೇಟೆಯ ಹೈವೇಯಲ್ಲಿ ಲಾರಿಯವರು, ಹಿಂದೆ ಯಾವನೋ ಭಾರೀ ಗಾಡಿಯವನು ಬಂದ ಅಂತ ಸೈಡು ಕೊಡುತ್ತಿದ್ದರು. ಈ ಸೀಮೆಯ ಕಾಗೆಗಳು ಮೊದಲು ಬೆಳ್ಳಗಿದ್ದವು. ಅದರ ಹೊಗೆ ಕುಡಿದೇ ಕಪ್ಪಾದದ್ದು.

"ಬಿಡೋ ಆವಲಪ್ಪ," ಎಂದರು ರುಕ್ಮಿಣಮ್ಮ. ಬೆಟ್ಟದ ಬುಡದ ಆ ಧರ್ಮಾಸ್ಪತ್ರೆಗೆ ನರ್ಸು, ಯಜಮಾನಿ, ಪೊಲೀಸು ಎಲ್ಲ ಅವರೇ. "ಮಳೆ ಬಂದ್ರೆ ಡೀಸೆಲ್ ತರೋ ಗಾಡಿ ಹಳ್ಳದಲ್ಲಿ ಹೂತ್ಕೊಳ್ಳುತ್ತೆ. ಹೋದ ಮಳೆಗಾಲ ಟಾರ್ಚ್ ಹಿಡ್ಕೊಂಡು ಹೆರಿಗೆ ಮಾಡ್ಸಿದ್ದು ಮರೆತ್ಯಾ? ಸೂರ್ಯ ಹಳ್ಳದಲ್ಲಿ ಹೂತ್ಕೊಳ್ಳಲ್ಲ."

"ಮೋಡದಲ್ಲಿ ಹೂತ್ಕೊಳ್ತಾನಲ್ಲ ಅಮ್ಮಾ?"

"ಅದಕ್ಕೇ ಬ್ಯಾಟರಿ ಇಟ್ಟಿರೋದು. ನೀನು ವಾರಕ್ಕೊಂದು ಸಲ ಮಾಳಿಗೆ ಹತ್ತಿ ಆ ಸೋಲಾರ್ ಗಾಜಿನ ಹಲಗೆಗಳನ್ನ ಒರೆಸು, ಸಾಕು."

ಗಾಜು ಒರೆಸೋದಂತೆ! ಹುಲಿ ಸಾಕಿದವನ ಕೈಗೆ ಗುಬ್ಬಿಮರಿ ಕೊಟ್ಟ ಹಾಗಾಯಿತು. ಆವಲಪ್ಪ ಊಟದ ಮನೆಯ ಪಕ್ಕದ ಖಾಲಿ ಶೆಡ್ಡಿಗೆ ಹೋಗಿ, ಜನರೇಟರ್ ಇದ್ದ ಜಾಗದ ಎಣ್ಣೆ ಕಲೆಯ ಮೇಲೆ ಕೂತುಬಿಟ್ಟ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಸಂಜೆ ಆರೂವರೆಗೆ ರುಕ್ಮಿಣಮ್ಮ ಸ್ವಿಚ್ ಒತ್ತಿದರು. ಸದ್ದಿಲ್ಲ, ಹೊಗೆಯಿಲ್ಲ, ಟ್ಯೂಬ್‌ಲೈಟು ಹತ್ತಿಕೊಂಡಿತು. ಎಂಥ ಬೆಳಕು ಅಂತೀರಿ! ಗೋಡೆಯ ಮೇಲಿದ್ದ ಹಲ್ಲಿಗಳು ನಾಚಿ ಬಾಲ ಮುಚ್ಚಿಕೊಂಡವು. ರೋಗಿಗಳು ಚಪ್ಪಾಳೆ ತಟ್ಟಿದರು. ತಟ್ಟೆ ಹಾಕಿದರು, ಮುದ್ದೆ ಬಂತು, ಸೊಪ್ಪಿನ ಸಾರು ಬಂತು. ಬಾಗಿಲ ಪಕ್ಕದ ತಟ್ಟೆಯ ಮುಂದೆ ಮಾತ್ರ ಯಾರೂ ಇರಲಿಲ್ಲ.

"ಮುನಿವೆಂಕಟಮ್ಮ ಎಲ್ಲಿ?" ಎಂದರು ರುಕ್ಮಿಣಮ್ಮ.

ಮುನಿವೆಂಕಟಮ್ಮ ಆಶ್ರಮದ ಹಸು ನೋಡಿಕೊಳ್ಳುವ ಮುದುಕಿ. ಎರಡು ಕಣ್ಣೂ ಕಾಣದು. ಆದರೆ ಕರುವಿನ ಬೆನ್ನು ಸವರಿ ಅದರ ಅಜ್ಜಿಯ ಬಣ್ಣ ಹೇಳುವಂಥವಳು. ದಿನಾ ಸಂಜೆ ಹಾಲು ಕರೆದಿಟ್ಟು, ಕೊಟ್ಟಿಗೆಯಿಂದ ಊಟದ ಮನೆಗೆ ಇನ್ನೂರು ಹೆಜ್ಜೆ, ಕಟ್ಟೆಯಿಲ್ಲದ ಬಾವಿಯ ಮಗ್ಗುಲಲ್ಲೇ, ಕೋಲಿಲ್ಲದೆ ಒಬ್ಬಳೇ ಬರುತ್ತಿದ್ದಳು. ಯಾರಾದರೂ ಕೈ ಹಿಡಿದರೆ "ನಾನೇನು ಸಂತೆಗೆ ಹೊರಟ ಕುರೀನಾ?" ಎಂದು ಕೊಡವಿಬಿಡುತ್ತಿದ್ದಳು. ಅವಳು ಹೇಗೆ ಬರುತ್ತಾಳೆ ಅಂತ ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಶೆಡ್ಡಿನಲ್ಲಿದ್ದ ಆವಲಪ್ಪ ಧಡಕ್ಕನೆ ಎದ್ದು ಓಡಿದ. ಎಷ್ಟು ಜೋರು ಅಂದರೆ, ಅವನ ನೆರಳು ಹಿಂದೆಯೇ ಉಳಿಯಿತು.

ಬಾವಿಗೆ ಒಂದೇ ಗೇಣು ಈಚೆ ಮುದುಕಿ ನಿಂತಿದ್ದಳು, ಕಿವಿ ಒಂದು ಕಡೆಗೆ ವಾಲಿಸಿಕೊಂಡು.

"ಅಜ್ಜೀ, ಅಲ್ಲೇ ನಿಂತ್ಕೊ!"

"ನಿಂತೇ ಇದೀನಿ ಕಣಪ್ಪಾ. ಯಾಕೆ ಇವತ್ತು ಇಷ್ಟು ತಡ? ಹಸು ಮಲಗಿದ್ರೂ ನಿನ್ನ ಮಿಷಿನ್ನು ಕೂಗ್ಲೇ ಇಲ್ಲ. ಅದು ಕೂಗಿದ ಕಡೆಗೆ ತಾನೇ ನಾನು ಬರೋದು?"

"ಬೆಳಿಗ್ಗೆ ಲಾರಿ ಬಂದಿತ್ತಲ್ಲ..."

"ಹೂಂ, ಕೇಳಿಸ್ತು. ಡೀಸೆಲ್ ತಂತು ಅಂದ್ಕೊಂಡೆ."

ಆವಲಪ್ಪ ಹತ್ತಿರ ಬಂದ. "ಅದನ್ನ ಹೊತ್ಕೊಂಡೋದ್ರು ಅಜ್ಜಿ. ಇನ್ಮೇಲೆ ಬಿಸಿಲಿನ ಕರೆಂಟು. ಅದಕ್ಕೆ ಸದ್ದೇ ಇಲ್ಲ. ಬಾ, ಕೈ ಕೊಡು."

ಮುನಿವೆಂಕಟಮ್ಮ ಎರಡು ಕೈಯನ್ನೂ ಬೆನ್ನ ಹಿಂದಕ್ಕೆ ಕಟ್ಟಿಕೊಂಡಳು. ಆಮೇಲೆ ಸೆರಗಿನ ತುದಿ ಮಾತ್ರ ಅವನ ಕಡೆ ಚಾಚಿದಳು. "ಹಂಗಾದ್ರೆ ನಾಳೆಯಿಂದ ನನ್ನ ಎಳ್ಕೊಂಡೇ ಹೋಗ್ಬೇಕು ಅನ್ನು," ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ಅವಳ ಹಸುಗಳೂ ಕೇಳಿರಲಿಲ್ಲ.

ಬೆಳಗಾಗುತ್ತಲೇ ರುಕ್ಮಿಣಮ್ಮ ಬಾವಿಯ ಸುತ್ತ ಮುಳ್ಳುಬೇಲಿ ಹಾಕಿಸಿದರು. ಸಂಜೆ ಮುದುಕಿಯನ್ನು ಕರೆತರಲು ಒಬ್ಬ ಆಯಾಗೂ ಹೇಳಿದರು. ಆದರೆ ಆಯಾ ಹೊರಡುವ ಮೊದಲೇ, ಸರಿಯಾಗಿ ಆರೂವರೆಗೆ, ಖಾಲಿ ಶೆಡ್ಡಿನಿಂದ ಒಂದು ಸದ್ದು ಎದ್ದಿತು. "ದಡ ದಡ ದಡ ದಡ..." ಆವಲಪ್ಪ ಎಣ್ಣೆ ಕಲೆಯ ಮೇಲೆ ನಿಂತು, ಕತ್ತಿನ ನರ ಹಗ್ಗದ ಹಾಗೆ ಉಬ್ಬಿಸಿ ಬಾಯಲ್ಲೇ ಜನರೇಟರ್ ಸದ್ದು ಮಾಡುತ್ತಿದ್ದ. ಮಾಳಿಗೆಯ ಮೇಲಿನ ಗಾಜಿನ ಹಲಗೆಗಳೆಲ್ಲ ಗಡಗಡ ನಡುಗಿದವು, ಸುಳ್ಳಾದರೆ ಕೇಳಿ.

ಕೊಟ್ಟಿಗೆಯ ಬಾಗಿಲಲ್ಲಿ ಮುದುಕಿ ಅಲ್ಲಾಡಲಿಲ್ಲ.

"ಲೇ ಆವಲಪ್ಪಾ," ಅಂತ ಅಲ್ಲಿಂದಲೇ ಕೂಗಿದಳು, "ಸ್ಟಾರ್ಟ್ ಆಗೋಕೆ ಮುಂಚೆ ಮೂರು ಸಲ ಕೆಮ್ಮುತ್ತಲ್ಲೋ ಅದು! ಮರೆತ್ಬಿಟ್ಯಾ?"

ಆವಲಪ್ಪ ಸದ್ದು ನಿಲ್ಲಿಸಿದ. ಕಣ್ಣು ಒರೆಸಿಕೊಂಡ. ಖೊಕ್. ಖೊಕ್. ಖೊಕ್. ಆಮೇಲೆ "ದಡ ದಡ ದಡ ದಡ..."

ಏನು ಗಲಾಟೆ ಅಂತ ಬೈಯಲು ಹೊರಗೆ ಬಂದ ರುಕ್ಮಿಣಮ್ಮ ಮೆಟ್ಟಿಲ ಮೇಲೇ ನಿಂತರು. ಹೊರಟಿದ್ದ ಆಯಾಳ ಭುಜ ಹಿಡಿದು ನಿಲ್ಲಿಸಿದರು. ಕೋಲಿಲ್ಲದೆ, ತಲೆಯೆತ್ತಿ, ಬಾವಿಯ ಬೇಲಿಗೆ ಸೆರಗೂ ತಾಗದ ಹಾಗೆ ಮುನಿವೆಂಕಟಮ್ಮ ನೇರ ನಡೆದು ಬಂದಳು. ಹೊಸಿಲು ದಾಟಿ, ತನ್ನ ತಟ್ಟೆಯ ಮುಂದೆ ಕೂತು, ಶೆಡ್ಡಿನ ಕಡೆ ತಿರುಗಿ ಹೇಳಿದಳು:

"ಸಾಕು, ನಿಲ್ಸಪ್ಪಾ. ನಾನು ಬಂದಾಯ್ತು. ಡೀಸೆಲ್ ಉಳೀಲಿ."