ತುಪ್ಪದ ಮಿಳ್ಳೆ

"ಲೋ, ಆ ಗಜ್ಜಿ ಕೈಯಲ್ಲಿ ಹೋಳಿಗೆಗೆ ತುಪ್ಪ ಹಾಕ್ತೀಯಾ? ಎಲೆ ಮೇಲೆಲ್ಲ ಹೊಟ್ಟು ಉದುರುತ್ತೆ, ಎದ್ದು ಹೋಗ್ಬೇಕಾ ನಾನು?"

ಬಡಿಸಲು ಬಗ್ಗಿದ್ದ ನನ್ನ ಮೇಲೆ ಮದುಮಗಳ ದೊಡ್ಡಪ್ಪ ಪಂಕ್ತಿಯಲ್ಲೇ ಕೂಗಿದ. ಇಡೀ ಸಾಲು ಎಲೆಗೆ ಕೈ ಅಡ್ಡ ಹಿಡಿಯಿತು.

"ಸೋರಿಯಾಸಿಸ್ ಸ್ವಾಮಿ, ಅಂಟೋ ಕಾಯಿಲೆ ಅಲ್ಲ," ಅಂದೆ.

"ಇಂಗ್ಲಿಷ್‌ನಲ್ಲಿ ಹೇಳಿದ್ರೆ ಗಜ್ಜಿ ಗಂಧ ಆಗುತ್ತೇನೋ?"

ಎಲ್ಲರೂ ನಕ್ಕರು. ಅಡುಗೆ ಭಟ್ಟರು ನನ್ನನ್ನು ಕಡಾಯಿ ತಿಕ್ಕಲು ಕಳಿಸಿದರು. "ಕೈ ವಾಸಿಯಾಗೋವರೆಗೂ ಪಂಕ್ತಿ ಕಡೆ ಬರಬೇಡ ಕಣೋ."

ಹನ್ನೊಂದು ವರ್ಷ ಬಳಿದ ಮುಲಾಮು ಬಿಡಿಸಿ, ಚರ್ಮದ ಡಾಕ್ಟರಮ್ಮ ಹೊಟ್ಟೆಗೆ ಚುಚ್ಚುವ ಹೊಸ ಇಂಜೆಕ್ಷನ್ ಶುರು ಮಾಡಿದರು. ಆರು ತಿಂಗಳಲ್ಲಿ ಕೈ ನುಣ್ಣಗಾಯಿತು. ಅಂಗಿಯ ತೋಳು ಮಡಚಿ ಭಟ್ಟರ ಮುಂದೆ ನಿಂತೆ. ಅವರು ಎರಡೂ ಕೈ ತಿರುಗಿಸಿ ನೋಡಿ, ತುಪ್ಪದ ಮಿಳ್ಳೆ ಕೊಟ್ಟರು.

ಅದೇ ಮನೆಯ ಎರಡನೇ ಮಗಳ ಮದುವೆ. ಅದೇ ದೊಡ್ಡಪ್ಪ ನನ್ನ ಮಣಿಕಟ್ಟು ಹಿಡಿದು ಪಕ್ಕದವರಿಗೆ ತೋರಿಸಿದ.

"ಬಡಿಸೋ ಕೈ ಅಂದ್ರೆ ಹಿಂಗಿರ್ಬೇಕು ನೋಡ್ರಿ! ಹೋದ ಸಲ ಒಬ್ಬ ಗಜ್ಜಿಯವನು ಬಂದಿದ್ದ, ಓಡಿಸಿದೆ. ನೀನು ಹೊಸಬನೇನಪ್ಪಾ?"

ನಾನು ಕೈ ಬಿಡಿಸಿಕೊಂಡು, ಅವನ ಒಣ ಹೋಳಿಗೆಯನ್ನು ಹಾಗೇ ಬಿಟ್ಟು, ತುಪ್ಪ ಹಿಡಿದು ಮುಂದಿನ ಎಲೆಗೆ ನಡೆದೆ.