ಒತ್ತಿ ಹಿಡಿದ ಕಾಲು

"ಕ್ಲಚ್ ಪ್ಲೇಟು ಹೊಸದರ ಹಾಗೇ ಇದೆ. ಸವೆದು ಹಾಳಾಗಿರೋದು ಈ ಬೇರಿಂಗ್," ಎಂದು ಗ್ಯಾರೇಜಿನ ಮೇಸ್ತ್ರಿ ಬಳೆಯಗಲದ ಕಬ್ಬಿಣದ ಉಂಗುರವನ್ನು ಅವಳ ಅಂಗೈಗೆ ಹಾಕಿದ. "ಎಂಜಿನ್ ಚಾಲೂ ಇಟ್ಟು, ಗಂಟೆಗಟ್ಟಲೆ ಕ್ಲಚ್ ಒತ್ತಿ ಹಿಡಿದು ಕೂತರೆ ಹೀಗಾಗುತ್ತೆ. ಯಾರಮ್ಮ ಓಡಿಸ್ತಿರೋದು?"

"ಯಾರೂ ಇಲ್ಲ," ಎಂದಳು ಅವಳು. ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಅವನ ಸ್ಪೋರ್ಟ್ಸ್ ಕಾರು ಶೆಡ್ಡಿನಿಂದ ಕದಲಿರಲಿಲ್ಲ. ಅವನು ಆಸೆಪಟ್ಟಿದ್ದ ರೇಸಿನ ಕ್ಲಚ್ ಹಾಕಿಸಿ ತಾನೇ ಓಡಿಸೋಣವೆಂದು ಅವಳು ಇವತ್ತು ಎಳೆಸಿಕೊಂಡು ತಂದಿದ್ದಳು. ಆ ಕ್ಲಚ್ ಬಲು ಬಿಗಿ, ಒತ್ತೋಕೆ ಕಾಲಲ್ಲಿ ಕಸುವು ಬೇಕು ಎಂದು ಮೇಸ್ತ್ರಿ ಮೊದಲೇ ಎಚ್ಚರಿಸಿದ್ದ.

"ಹಾಗಾದ್ರೆ ದೆವ್ವಾನೇ ಕೂತಿರಬೇಕು ಬಿಡಿ," ಎಂದು ಅವನು ನಕ್ಕ.

ಬೆಂಚಿನ ಮೇಲಿದ್ದ ಅಮ್ಮ ನಗಲಿಲ್ಲ. ಎಡಗಾಲನ್ನು ಮೆಲ್ಲಗೆ ಬೆಂಚಿನಡಿಗೆ ಎಳೆದುಕೊಂಡಳು. ಆ ಮಂಡಿಯ ನೋವಿಗೇ ಮಗಳು ತಿಂಗಳುಗಳಿಂದ ಮುಲಾಮು ತಿಕ್ಕುತ್ತಿದ್ದಳು.

"ಅಮ್ಮಾ, ನೀನಾ? ನಿನಗೆ ಕಾರು ಓಡಿಸೋಕೇ ಬರಲ್ವಲ್ಲ!"

"ನೀನು ಕೆಲಸಕ್ಕೆ ಹೋದಮೇಲೆ ಎಂಜಿನ್ ಚಾಲೂ ಮಾಡ್ಕೊಂಡು ಸುಮ್ಮನೆ ಕೂತಿರ್ತೀನಿ, ಅಷ್ಟೆ. ಅವತ್ತು ನಿಮ್ಮಣ್ಣ ನನಗೆ ಮೊದಲನೇ ಪಾಠ ಹೇಳ್ಕೊಡ್ತಿದ್ದ. 'ಕ್ಲಚ್ ಒತ್ತಿ ಹಿಡ್ಕೊಂಡಿರಮ್ಮ, ಗೇಟು ತೆಗೆದು ಬರ್ತೀನಿ, ನಾನು ಹೇಳೋವರೆಗೂ ಬಿಡಬೇಡ' ಅಂದ. ಗೇಟಿನ ಹತ್ತಿರಾನೇ ಎದೆ ಹಿಡ್ಕೊಂಡು ಕುಸಿದುಬಿಟ್ಟ." ಅಮ್ಮ ಮಂಡಿ ಸವರಿಕೊಂಡಳು. "ಬಿಡು ಅಂತ ಅವನಿನ್ನೂ ಹೇಳಿಲ್ಲ ಕಣೇ."

ಮಗಳು ಬೇರಿಂಗನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ರೇಸಿಂದು ಬೇಡ ಮೇಸ್ತ್ರಿ. ನಿಮ್ಮ ಹತ್ತಿರ ಇರೋದರಲ್ಲೇ ಒತ್ತೋಕೆ ತೀರಾ ಹಗುರವಾಗಿರೋದನ್ನ ಹಾಕಿ."